ಜಗ್ಗಿನ ಪಕ್ಕದ ಎರಡನೆಯ ಲೋಟ

೨೦೦೬ರ ಜೂನ್ ಹನ್ನೆರಡು, ಸೋಮವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ಸಿ.ಟಿ. ಸ್ಕ್ಯಾನ್ ವಿಭಾಗ ನಗುವ ಜಾಗವಲ್ಲ. ಆದರೂ ದಂಡು ಪ್ರದೇಶದ ನಮ್ಮ ಆಸ್ಪತ್ರೆಯಲ್ಲಿ ನಗಿಸುವ ಸಂಗತಿಗಳು ಬಿಡದೆ ನಡೆಯುತ್ತಿದ್ದವು. ಆ ವಾರದವು ಈ ಗಳಿಗೆಯಲ್ಲಿ ಆರಂಭವಾದವು.

ಶಿವಾಜಿನಗರದ ಪರದೆ ಬಟ್ಟೆಯ ವ್ಯಾಪಾರಿಯೊಬ್ಬರು ಹೆಂಡತಿ ಮತ್ತು ಇಬ್ಬರು ತಮ್ಮಂದಿರೊಡನೆ ಬಂದಿದ್ದರು. ಅವರ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಿರುವುದು ಖಚಿತವಾಗಿತ್ತು. ಅದು ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದೆಯೇ ಎಂಬುದನ್ನು ನಾನು ಸ್ಕ್ಯಾನ್ ನೋಡಿ ಹೇಳಬೇಕಿತ್ತು. ಹರಡಿರದಿದ್ದರೆ ಗುರುವಾರ ಶಸ್ತ್ರಚಿಕಿತ್ಸೆ. ಹರಡಿದ್ದರೆ ಬೇರೆಯೇ ಮಾತು.

೧. ಶರಬತ್ತು

ಕರುಳು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಲು ರೋಗಿಯು ಒಂದು ಲೀಟರ್ ಔಷಧಿಯ ದ್ರಾವಣವನ್ನು ಒಂದು ಗಂಟೆಯಲ್ಲಿ ಲೋಟ ಲೋಟವಾಗಿ ಕುಡಿಯಬೇಕು. ಜಗ್ಗು ಪೂರ್ತಿ ಖಾಲಿಯಾಗಬೇಕೆಂದು ನಾನೇ ಹೇಳಿ ಒಳಗೆ ಹೋದೆ. ಮುಕ್ಕಾಲು ಗಂಟೆಗೇ ಖಾಲಿಯಾಯಿತು. ಇಂಥ ಶಿಸ್ತಿನ ರೋಗಿ ಅಪರೂಪವೆಂದು ನರ್ಸಿಗೆ ಹೇಳುತ್ತಿದ್ದಾಗ, ಕೈಯ ಎಕ್ಸ್‌-ರೇಗಾಗಿ ಕಾಯುತ್ತಿದ್ದ ರಾಮಮೂರ್ತಿ ನಗರದ ಆಟೋ ಚಾಲಕನೊಬ್ಬ ಬಾಗಿಲಲ್ಲಿ ನಿಂತ.

"ಮೇಡಂ, ಶರಬತ್ತಿಗೆ ಸಕ್ಕರೆ ಸಾಲದು. ಸ್ವಲ್ಪ ನಿಂಬೆಹಣ್ಣು ಹಿಂಡಿದ್ರೆ ಚೆನ್ನಾಗಿರ್ತಿತ್ತು."

ವಿಚಾರಿಸಿದೆ. ಹೆಂಡತಿಗೆ ಒಂದು ಲೋಟ, ತಮ್ಮಂದಿರಿಗೆ ಒಂದೊಂದು, ಎದುರು ಬೆಂಚಿನವನೆಂದು ಚಾಲಕನಿಗೂ ಒಂದು. ವ್ಯಾಪಾರಿಗಳ ಪಾಲಿಗೆ ಉಳಿದದ್ದು ತಳದ ಎರಡು ಗುಟುಕು. ಕುಡಿದವರಿಗೆ ಅಪಾಯವೇನೂ ಇಲ್ಲವೆಂದು ಧೈರ್ಯ ಹೇಳಿ, ಸ್ಕ್ಯಾನನ್ನು ಮರುದಿನಕ್ಕೆ ಮುಂದೂಡಿದೆ. ಮಧ್ಯಾಹ್ನದವರೆಗೆ ನಮ್ಮ ಶೌಚಾಲಯದ ಮುಂದೆ ಸಾಲು ಕರಗಲಿಲ್ಲ. ಸಾಲಿನಲ್ಲಿ ಇಲ್ಲದವರು ರೋಗಿ ಒಬ್ಬರೇ.

೨. ಜೊತೆ

ಮಂಗಳವಾರ ಅವರನ್ನು ನನ್ನ ಕೋಣೆಯಲ್ಲಿ ಕೂರಿಸಿದೆ. ಹಂಚಲು ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಆದರೂ ಲೋಟ ಹಿಡಿದುಕೊಂಡೇ ಕೂತರು.

"ಎದುರಿಗಿರೋರಿಗೆ ಕೊಡ್ದೆ ನಮಗೆ ಗಂಟಲಲ್ಲಿ ಇಳಿಯಲ್ಲ ಮೇಡಂ," ಎಂದರು.

ನಾನು ಇನ್ನೊಂದು ಲೋಟ ತರಿಸಿ ನೀರು ತುಂಬಿಕೊಂಡೆ. ನಾನು ಕುಡಿದರೆ ಅವರು, ಅವರು ಕುಡಿದರೆ ನಾನು. ಮೂರನೆಯ ಲೋಟಕ್ಕೆ ಅವರ ದನಿ ತಗ್ಗಿತು.

"ಹರಡಿದ್ರೆ ಮೊದ್ಲು ನನಗೆ ಹೇಳ್ಬಿಡಿ. ಮನೆಯವಳಿಗೆ ನಾನೇ ಹೇಳ್ತೀನಿ."

ಆಗಲಿ ಎಂದೆ. ಅರ್ಧ ಗಂಟೆಯ ಹಿಂದೆ ಅವರ ಹೆಂಡತಿ ಹೊರಗೆ ನನ್ನ ಕೈ ಹಿಡಿದು, ಮೊದಲು ತನಗೆ ಹೇಳಬೇಕೆಂದು, ಗಂಡನಿಗೆ ತಾನೇ ಹೇಳುವೆನೆಂದು ಕೇಳಿಕೊಂಡಿದ್ದರು. ಅವರಿಗೂ ಆಗಲಿ ಎಂದಿದ್ದೆ. ಮೂವತ್ತು ವರ್ಷದ ವೃತ್ತಿಯಲ್ಲಿ ನಾನು ಒಂದೇ ಮಾತನ್ನು ಇಬ್ಬರಿಗೆ ಕೊಟ್ಟದ್ದು ಅದೇ ಮೊದಲು.

ಜಗ್ಗು ಖಾಲಿಯಾಯಿತು. ಗಂಟೆ ಮುಗಿಯುವ ಮೊದಲೇ ಅವಸರದಿಂದ ಎದ್ದು ಶೌಚಾಲಯಕ್ಕೆ ಹೋಗಬೇಕಾಗಿ ಬಂದದ್ದು ಮಾತ್ರ ರೋಗಿಗಲ್ಲ, ನನಗೆ.

೩. ಉಸಿರು

ಸ್ಕ್ಯಾನಿನ ವೇಳೆ ರೋಗಿ ಕೆಲವು ಕ್ಷಣ ಉಸಿರು ಬಿಗಿಹಿಡಿಯಬೇಕು. ಯಂತ್ರವಿರುವ ಕೋಣೆಯ ಬಾಗಿಲು ಮುಚ್ಚಿತ್ತು, ನಾನು ಪಕ್ಕದ ಕೋಣೆಯಿಂದ ಮೈಕಿನಲ್ಲಿ ಹೇಳಿದೆ: "ಉಸಿರು ಒಳಗೆ ಎಳೆದುಕೊಳ್ಳಿ. ಹಾಗೇ ಹಿಡಿದಿರಿ."

ನಾನಿದ್ದ ಕೋಣೆಯ ಬಾಗಿಲು ಅರ್ಧ ತೆರೆದಿದ್ದುದನ್ನು ನರ್ಸ್ ಆಗಷ್ಟೇ ಕಂಡು ಮುಚ್ಚಿದಳು. ಸ್ಕ್ಯಾನ್ ಮುಗಿಯಿತು. "ಬಿಡಿ" ಎಂದೆ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ ವ್ಯಾಪಾರಿಗಳ ಹೆಂಡತಿ. ಕೆನ್ನೆ ಉಬ್ಬಿತ್ತು, ಕಣ್ಣು ಅಗಲವಾಗಿತ್ತು. ಹಿಂದೆ ಇಬ್ಬರು ಮೈದುನಂದಿರು, ಅವರೂ ಹಾಗೆಯೇ. ಹಿಡಿದಿರಿ ಎಂದದ್ದು ಹೊರಗೂ ಕೇಳಿಸಿತ್ತು. ಬಿಡಿ ಎಂದದ್ದು ಕೇಳಿಸಿರಲಿಲ್ಲ. ಆಕೆ ತನ್ನ ಮೂಗಿನತ್ತ ಬೆರಳು ತೋರಿಸಿ, ಕೈಸನ್ನೆಯಲ್ಲೇ ಅಪ್ಪಣೆ ಕೇಳಿದರು.

"ಬಿಡಿಯಮ್ಮ," ಎಂದೆ. ಮೂವರೂ ಒಟ್ಟಿಗೆ ಬಿಟ್ಟರು.

ಚಿತ್ರಗಳನ್ನು ಎರಡು ಬಾರಿ ನೋಡಿದೆ. ಆಮೇಲೆ ಗಂಡ ಹೆಂಡತಿಯನ್ನು ಒಂದೇ ಬೆಂಚಿನಲ್ಲಿ ಕೂರಿಸಿ, ಇಬ್ಬರಿಗೂ ಒಮ್ಮೆಗೇ ಹೇಳಿದೆ: "ಎಲ್ಲೂ ಹರಡಿದಂತೆ ಕಾಣುತ್ತಿಲ್ಲ. ಗುರುವಾರ ಆಪರೇಷನ್."

ಆಕೆಯ ಕೆನ್ನೆ ಮತ್ತೆ ಉಬ್ಬಿತ್ತು.

"ಈಗಲೂ ಬಿಡಬಹುದು," ಎಂದೆ.

ಆಕೆ ಬಿಟ್ಟ ಉಸಿರು ಅಳುವಾಗಿ ಹೊರಬಂತು, ನಡುವೆ ನಗುವಾಯಿತು. ವ್ಯಾಪಾರಿಗಳು ಮಾತ್ರ ಗಂಭೀರವಾಗಿ, ಈಗ ಎಲ್ಲರಿಗೂ ಟೀ ತರಿಸಬಹುದೇ ಎಂದು ಕೇಳಿದರು.

ಮರುದಿನದಿಂದ ಪ್ರತಿ ಜಗ್ಗಿನ ಪಕ್ಕ ಎರಡು ಲೋಟ ಇಡಿಸಲು, ಎರಡನೆಯದರಲ್ಲಿ ನಾನು ನೀರು ಕುಡಿಯುತ್ತ ರೋಗಿಯ ಎದುರು ಕೂರಲು ತೀರ್ಮಾನಿಸಿದೆ.