ಕೊಬ್ಬರಿ ಎಣ್ಣೆ ಹಚ್ಚಿದ ಕೋವಿ

ಮನುಷ್ಯನಾದವನಿಗೆ ಒಂದು ಹವ್ಯಾಸವಿರಬೇಕು ಎಂದು ಉಪದೇಶ ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ. ಅಂಚೆಚೀಟಿ ಕೂಡಿಡಿ, ಗುಲಾಬಿ ಬೆಳೆಸಿ, ಹಾರ್ಮೋನಿಯಂ ಕಲಿಯಿರಿ ಎನ್ನುತ್ತಾರೆ. ಆ ಹವ್ಯಾಸ ಅಕ್ಕಪಕ್ಕದವರ ಪಾಲಿಗೆ ಏನಾದೀತು ಎಂದು ಕೇಳಿ ನೋಡಿ, ಜಾಣತನದಿಂದ ಮಾತು ಬದಲಾಯಿಸುತ್ತಾರೆ. ಹಾರ್ಮೋನಿಯಂ ಕಲಿಯುವವನಿಂದ ಹೆಚ್ಚೆಂದರೆ ನೆರೆಯವರ ತಲೆ ಕೆಡಬಹುದು. ನನ್ನ ಹವ್ಯಾಸದಿಂದ ಕೆಟ್ಟದ್ದು ಅದಕ್ಕಿಂತ ದೊಡ್ಡದು. ಇಷ್ಟು ವರ್ಷ ಯಾರೊಂದಿಗೂ ಪೂರ್ತಿಯಾಗಿ ಹೇಳಿಕೊಳ್ಳದ ಸಂಗತಿಯನ್ನು ಈಗ ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಬಿಳಿಗೆರೆಯ ನಮ್ಮ ತೋಟದಲ್ಲಿ, ಪ್ರತಿ ಭಾನುವಾರ ಬೆಳಿಗ್ಗೆ ನಾನು ಮದ್ದಿನ ಕೋವಿ ಹಾರಿಸುತ್ತಿದ್ದೆ.

ಕೋವಿ ಎಂದ ಕೂಡಲೇ ನೀವು ಹುರಿಮೀಸೆಯ ಆಸಾಮಿಯೊಬ್ಬನನ್ನು ಕಲ್ಪಿಸಿಕೊಂಡಿದ್ದರೆ ದಯವಿಟ್ಟು ಮೀಸೆಯನ್ನು ಅಳಿಸಿಬಿಡಿ. ನಾನು ತಿಪಟೂರಿನ ಸರ್ವೆ ಕಚೇರಿಯಲ್ಲಿ ಹರಿದುಹೋದ ಹಳೆಯ ನಕ್ಷೆಗಳ ನಕಲು ತೆಗೆಯುವ ಗುಮಾಸ್ತ. ಬೆಳಗಿನಿಂದ ಸಂಜೆಯವರೆಗೆ ಯಾರದೋ ಜಮೀನಿನ ಗಡಿಯ ಮೇಲೆ ಉಸಿರು ಬಿಗಿಹಿಡಿದು ಗೆರೆ ಎಳೆಯುವವನು. ಅಪ್ಪ ತೀರಿಕೊಂಡಾಗ ನನಗೆ ಬಿಟ್ಟುಹೋದದ್ದು ಮೂರೆಕರೆ ತೆಂಗಿನ ತೋಟ, ಬೆಳೆ ರಕ್ಷಣೆಗೆಂದು ಕೊಟ್ಟಿದ್ದ ಕೋವಿಯ ಲೈಸೆನ್ಸು ಮತ್ತು ತುಕ್ಕು ಹಿಡಿದ ಒಂದು ಕೋವಿ. ಲೈಸೆನ್ಸು ನನ್ನ ಹೆಸರಿಗಾದ ಮೇಲೆ ಕೋವಿಯನ್ನು ತುಮಕೂರಿನ ರಿಪೇರಿಯವರ ಹತ್ತಿರ ಕೊಂಡೊಯ್ದೆ. ಅವರು ನಳಿಗೆಯೊಳಗೆ ಒಂದು ಕಣ್ಣು ಹಾಯಿಸಿ, "ಇದ್ರಲ್ಲಿ ಹೊಡೆದ್ರೆ ಮುಂದಿರೋರಿಗಿಂತ ಹಿಂದಿರೋರಿಗೇ ಅಪಾಯ ಕಣ್ರೀ" ಎಂದರು. ಕಾಗದ ಪತ್ರಗಳ ಶಾಸ್ತ್ರವೆಲ್ಲ ಮುಗಿದ ಮೇಲೆ, ಅದೇ ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದ ಇನ್ನೊಂದನ್ನು ಕೊಟ್ಟರು. ಮೂತಿಯಿಂದ ಮದ್ದು ತುಂಬಿ, ಹಿಂದೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಿ ಹೊಡೆಯುವ ಕೋವಿ. ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಸಿನಲ್ಲಿ ನೋಡಿದ ಆರು ಗುಂಡಿನ ಪಿಸ್ತೂಲಿನ ಮೇಲೆ ನನಗೆ ಆಸೆಯಿತ್ತು. ಸಿಕ್ಕಿದ್ದು ಒಂದೇ ಗುಂಡಿನದು, ಅದೂ ನಕಲು. ನಕಲು ತೆಗೆದೇ ಅನ್ನ ತಿನ್ನುವವನು ಅದಕ್ಕೆ ಬೇಜಾರು ಮಾಡಿಕೊಳ್ಳುವ ಹಾಗಿರಲಿಲ್ಲ.

ಲೈಸೆನ್ಸಿನ ಪ್ರಕಾರ ಅದು ಕೋತಿಗಳಿಂದ ಎಳನೀರು ಉಳಿಸಿಕೊಳ್ಳಲು. ಆದರೆ ನಮ್ಮ ಕಡೆ ಕೋತಿಗೆ ಗುರಿಯಿಟ್ಟವನಿಗೆ ಊರಿನಲ್ಲಿ ನೀರು ಹುಟ್ಟುವುದಿಲ್ಲ. ಹಾಗಾಗಿ ಬೇಲಿಯ ಕಲ್ಲುಕಂಬದ ಮೇಲೆ ಒಂದು ಕರಟ ಇಟ್ಟು ಅದಕ್ಕೆ ಹೊಡೆಯುತ್ತಿದ್ದೆ. ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡು ಬಿಟ್ಟು, ಮತ್ತೆ ನಾರು ತುರುಕಿ, ಕಬ್ಬಿಣದ ಕಡ್ಡಿಯಿಂದ ಜಡಿಯುವ ಹೊತ್ತಿಗೆ ಹೆಂಡತಿ ಶಾಂತ ಎರಡು ಹಸುವಿನ ಹಾಲು ಕರೆದು ಮುಗಿಸಿರುತ್ತಿದ್ದಳು. ಈಡು ಹಾರಿದ ಮೇಲೆ ಒಂದು ನಿಮಿಷ ಬರೀ ಹೊಗೆ. ಹೊಗೆ ಕರಗಿದಾಗ ಕರಟ ಇದ್ದಲ್ಲೇ ಇರುತ್ತಿತ್ತು. ಪಕ್ಕದ ತೋಟದಿಂದ ಕೋತಿಗಳು ಬಂದು ಗೋಡೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. "ಲಿಂಗಪೂಜೆ ಮಾಡೋ ಮನೇಲಿ ಇದೇನ್ರೀ ನಿಮ್ಮ ಅವತಾರ" ಎಂದು ಶಾಂತ ಕೋವಿಯನ್ನು ಹೊಸಿಲೊಳಗೆ ಬಿಟ್ಟುಕೊಳ್ಳದೆ ಕಾಳು ತುಂಬುವ ಹಗೇವಿನ ಪಕ್ಕದ ಕೋಣೆಯಲ್ಲಿ ಇಡಿಸಿ ಬೀಗ ಹಾಕಿದ್ದಳು. ಊರಿನಲ್ಲಿ ಯಾರ ಅಟ್ಟದ ಕೊಬ್ಬರಿ ಕೌಟು ಹಿಡಿದರೂ ಅದು ನನ್ನ ಈಡಿನ ಸದ್ದಿಗೇ ಆದದ್ದೆಂದು ತೀರ್ಮಾನವಾಗುತ್ತಿತ್ತು. ಅದರಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಯಾರೂ ಗಮನಿಸದ ಮನುಷ್ಯನಿಗೆ ಬೈಗುಳವೂ ಒಂದು ಬಗೆಯ ಮರ್ಯಾದೆಯೇ.

ಕೋವಿ ಕೊಟ್ಟವರು ಜೊತೆಗೆ ಒಂದು ಸೀಸೆ ಎಣ್ಣೆ ಕೊಟ್ಟು, ಇದನ್ನೇ ಹಾಕಿ, ಬೇರೆಯದು ಬೇಡ ಎಂದಿದ್ದರು. ಆ ಮಾತಿನಿಂದ ನನ್ನ ಇಡೀ ತಾಲ್ಲೂಕಿಗೇ ಅವಮಾನವಾದಂತೆ ನನಗನ್ನಿಸಿತು. ನಮ್ಮ ಸೀಮೆಯವರು ತಲೆಗೆ, ಕಾವಲಿಗೆ, ಬಾಗಿಲಿನ ಕೀಲಿಗೆ, ಸೈಕಲ್ ಚೈನಿಗೆ, ಮಂಡಿನೋವಿಗೆ ಎಲ್ಲಕ್ಕೂ ಹಾಕುವುದು ಕೊಬ್ಬರಿ ಎಣ್ಣೆ. ಮನೆಯ ಅಟ್ಟದ ತುಂಬ ಕೊಬ್ಬರಿ ಇಟ್ಟುಕೊಂಡು ಯಾವುದೋ ಊರಿನ ಎಣ್ಣೆ ಹಚ್ಚುವುದೇ? ಆ ಸೀಸೆಯನ್ನು ಮೂಲೆಗೆ ಸೇರಿಸಿ, ಗಾಣದಿಂದ ತಂದ ನಮ್ಮದೇ ಎಣ್ಣೆಯನ್ನು ಕೋವಿಗೆ ಧಾರಾಳವಾಗಿ ಕುಡಿಸಿದೆ. ಬೇಸಿಗೆಯಲ್ಲಿ ಅದು ಮದುವಣಿಗನ ತಲೆಯ ಹಾಗೆ ಘಮಘಮಿಸುತ್ತ ಚೆನ್ನಾಗಿಯೇ ಕೆಲಸ ಮಾಡಿತು. ಧನುರ್ಮಾಸದ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆ ತಿಂಗಳು ತಲೆಗೆ ಹಚ್ಚುವ ಎಣ್ಣೆಯ ಸೀಸೆಯನ್ನು ದಿನಾ ಬೆಳಿಗ್ಗೆ ಬಿಸಿಲಿಗಿಟ್ಟು ಕರಗಿಸುತ್ತಿದ್ದವನು ನಾನೇ. ತಲೆಯ ಎಣ್ಣೆಗೆ ಆಗುವುದು ಕೋವಿಯ ಎಣ್ಣೆಗೂ ಆಗುತ್ತದೆ ಎಂಬುದು ಮಾತ್ರ ಆ ತಲೆಗೆ ಹೊಳೆಯಲಿಲ್ಲ.

ಈಗ ತಿಮ್ಮಣ್ಣನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತೂ ಸುತ್ತಿ ಬಳಸಿ ಮಾತಾಡಿದ್ದು ಅವನ ಹೆಸರನ್ನು ಆದಷ್ಟು ತಡವಾಗಿ ಎತ್ತುವುದಕ್ಕೇ. ತಿಮ್ಮಣ್ಣ ನಮ್ಮ ತೋಟದ ಮರ ಹತ್ತಿ ಕಾಯಿ ಕೆಡವುತ್ತಿದ್ದವನು. ನನಗಿಂತ ಹತ್ತು ವರ್ಷ ದೊಡ್ಡವನು. ಕಾಲಿಗೆ ಹಗ್ಗದ ಕುಣಿಕೆ ಹಾಕಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿ, ಅಪ್ಪನ ಕಾಲದ ಎತ್ತರದ ಮರಗಳನ್ನು ಅವನು ಹತ್ತುವುದನ್ನು ನೋಡಿದರೆ ನಾವು ಮೆಟ್ಟಿಲು ಹತ್ತುವುದೇ ಒರಟಾಗಿ ಕಾಣುತ್ತಿತ್ತು. ಮರದ ತುದಿಯ ಸುಳಿಯಲ್ಲಿ ಕೂತು, ಕಾಯಿ ಬಲಿತಿದೆಯೋ ಇಲ್ಲವೋ ಎಂದು ಉಗುರಿನಲ್ಲಿ ತಟ್ಟಿ ನೋಡಿಯೇ ಹೇಳುತ್ತಿದ್ದ. ಮರಕ್ಕೆ ಕೈ ಹಚ್ಚುವ ಮುಂಚೆ ಅವನು ತಪ್ಪದೆ ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು: "ಇವತ್ತು ಈಡು ಇಲ್ವಲ್ಲ ಸ್ವಾಮಿ?" ಇಲ್ಲ ಎಂದು ನಾನು ಹೇಳಿದ ಮೇಲೆಯೇ ಹಗ್ಗ ಬಿಚ್ಚುತ್ತಿದ್ದ. ನಮ್ಮಿಬ್ಬರ ನಡುವೆ ಇದ್ದ ಕರಾರು ಅಷ್ಟೇ.

ಧನುರ್ಮಾಸದ ಆ ಭಾನುವಾರ ಅವನು ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಇಬ್ಬನಿ ಇನ್ನೂ ಆರಿರಲಿಲ್ಲ. ಕೋವಿ ತುಂಬಿ, ಕೇಪು ಸಿಕ್ಕಿಸಿ, ಕರಟಕ್ಕೆ ಗುರಿಯಿಟ್ಟು ಟ್ರಿಗರ್ ಎಳೆದೆ. ಕೇಪನ್ನು ಬಂದು ಬಡಿಯಬೇಕಾದ ಭಾಗಕ್ಕೆ ಕುದುರೆ ಎನ್ನುತ್ತೇವೆ. ಆ ಕುದುರೆ ಮುದುಕರು ಕುರ್ಚಿಯಲ್ಲಿ ಕೂರುವಂತೆ ನಿಧಾನವಾಗಿ ಬಗ್ಗಿ ಅರ್ಧಕ್ಕೆ ನಿಂತುಬಿಟ್ಟಿತು. ಎಣ್ಣೆ ಗಟ್ಟಿಯಾಗಿತ್ತು. ಅಷ್ಟರಲ್ಲಿ ಹಗ್ಗ ಹೆಗಲಿಗೆ ಹಾಕಿಕೊಂಡು ತಿಮ್ಮಣ್ಣ ತೋಟದೊಳಗೆ ಬಂದ. ಕೋವಿಯನ್ನು ನೋಡಿ, ನನ್ನನ್ನು ನೋಡಿ, ತನ್ನ ಮಾಮೂಲು ಮಾತು ಕೇಳಿದ. "ಇಲ್ಲ ಕಣಪ್ಪ, ಇದು ಕೆಟ್ಟಿದೆ. ನೀನು ಹತ್ತು" ಎಂದೆ. ಕೆಟ್ಟಿದೆ ಎಂದೆನೇ ಹೊರತು ತುಂಬಿದೆ ಎನ್ನಲಿಲ್ಲ. ಆಗಲೇ ಕೇಪು ತೆಗೆದುಬಿಡಬೇಕಿತ್ತು. ಆದರೆ ಅವನ ಮುಂದೆ ಅದರ ಜೊತೆ ಗುದ್ದಾಡಲು ನಾಚಿಕೆಯಾಯಿತು, ಒಳಗೆ ದೋಸೆ ಆರುತ್ತಿದೆ ಎಂದು ಶಾಂತ ಎರಡು ಸಲ ಕೂಗಿದ್ದಳು. ಕೋವಿಯ ಮೂತಿಯನ್ನು ಮೇಲಕ್ಕೆ ಮಾಡಿ, ಬಿಸಿಲು ಬಿದ್ದಿದ್ದ ಒಂದು ಮರಕ್ಕೆ ಜೋಪಾನವಾಗಿ ಒರಗಿಸಿ, ಕೈ ತೊಳೆಯಲು ಹೋದೆ.

ಮೂರನೆಯ ದೋಸೆ ಮುರಿಯುತ್ತಿದ್ದೆ. ಹೊರಗೆ ಬಿಸಿಲು ಏರುತ್ತಿತ್ತು. ಕೊಬ್ಬರಿ ಎಣ್ಣೆ ತನ್ನ ಗುಣದ ಪ್ರಕಾರ ಕರಗಿತು, ಕುದುರೆ ಉಳಿದರ್ಧ ದಾರಿಯನ್ನು ಕ್ರಮಿಸಿತು. ಸದ್ದು ಕೇಳಿ ನಾನು ಎಂಜಲು ಕೈಯಲ್ಲೇ ಓಡಿದೆ. ಹೊಗೆಯೊಳಗಿಂದ ಮೊದಲು ಮಚ್ಚು ಬಿತ್ತು, ಆಮೇಲೆ ಅವನು ಹತ್ತಿದ್ದ ಮರದ ಪಕ್ಕದ ಮರದಿಂದ ಒಂದು ಗರಿ ಬಿತ್ತು. ಮೂರನೆಯದಾಗಿ ಏನು ಬೀಳುತ್ತದೋ ಎಂದು ನಾನು ತಲೆಯೆತ್ತಿ ಕಾದೆ. ಏನೂ ಬೀಳಲಿಲ್ಲ. ತಿಮ್ಮಣ್ಣ ಮೇಲೆ ಸುಳಿಯನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡು ಕಣ್ಣು ಮುಚ್ಚಿದ್ದ. ಗುಂಡು ಅವನಿಗೆ ತಾಕಿರಲಿಲ್ಲ. ಇಳಿ ತಿಮ್ಮಣ್ಣ ಎಂದು ಕೆಳಗಿನಿಂದ ಎಷ್ಟು ಗೋಗರೆದರೂ ಅವನು ಹೇಳಿದ್ದು ಒಂದೇ, "ಇಳೀತೀನಿ ಸ್ವಾಮಿ, ಮೊದ್ಲು ಅದುನ್ನ ಒಳಗಿಡಿ." ಒಳಗಿಟ್ಟು ಬಂದೆ. ಆದರೂ ಇಳಿಯಲಿಲ್ಲ. ಹೊತ್ತು ನೆತ್ತಿಗೇರಿದಾಗ ಅವನ ಹೆಂಡತಿ ಲಕ್ಕಮ್ಮ ಬಂದು ಮರದ ಬುಡದಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ, "ಬಾ, ಮುದ್ದೆ ಆರೋಗ್ತದೆ" ಎಂದು ಮೆಲ್ಲಗೆ ಕರೆಯುತ್ತಲೇ ಇದ್ದಳು. ಒಂದೊಂದು ಗೇಣಾಗಿ ಜಾರಿಕೊಂಡು ಇಳಿದ. ಶಾಂತ ಕೊಟ್ಟ ಕಾಫಿ ಕುಡಿದು, ಹಗ್ಗ ಮಚ್ಚುಗಳನ್ನು ಲಕ್ಕಮ್ಮನ ಕೈಗೆ ಕೊಟ್ಟು ಮನೆಗೆ ನಡೆದ.

ಅದೇ ಅವನು ಹತ್ತಿದ ಕೊನೆಯ ಮರ. ಮುಂದಿನ ವಾರ ಬೇರೊಬ್ಬರ ತೋಟದಲ್ಲಿ ಹತ್ತಲು ಹೋಗಿ ಅರ್ಧದಿಂದ ಇಳಿದುಬಂದನಂತೆ. ಕೇಳಿದವರಿಗೆಲ್ಲ ಕಣ್ಣು ಮಂಜಾಯ್ತು, ವಯಸ್ಸಾಯ್ತು ಎನ್ನುತ್ತಿದ್ದ. ನಾನೋ, ಕೋವಿ ಕೆಟ್ಟಿತ್ತು, ತಾನಾಗಿ ಹಾರಿತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಸುಳ್ಳೇನಲ್ಲ, ತುಂಬಿದ್ದು ಗೊತ್ತಿದ್ದೂ ಹತ್ತು ಎಂದದ್ದನ್ನು ಮಾತ್ರ ಬಿಟ್ಟೆ. ನಕ್ಷೆಯಲ್ಲಿ ಒಂದು ಗೆರೆ ಬಿಟ್ಟರೆ ಉಳಿದ ಗೆರೆಗಳೆಲ್ಲ ಸರಿಯಾಗಿದ್ದರೂ ಒಬ್ಬನ ಜಮೀನು ಹೋಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಪ, ಇವರಿಗೂ ಎಷ್ಟು ಗಾಬರಿಯಾಗಿರಬೇಕು ಎಂದು ಜನ ನನ್ನನ್ನೇ ಸಮಾಧಾನ ಮಾಡಿದರು. ಆ ಸಮಾಧಾನವನ್ನೂ ನಾನು ಬಾಯಿ ಮುಚ್ಚಿಕೊಂಡು ಮಾಡಿಸಿಕೊಂಡೆ. ಒಂದು ದಿನ ಕಚೇರಿಗೆ ರಜೆ ಹಾಕಿ ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದೆ. ದೊಡ್ಡ ತ್ಯಾಗ ಮಾಡಿದವನಂತೆ ಎರಡು ದಿನ ಊಟ ಕಡಿಮೆ ಮಾಡಿದೆ. ಶಾಂತ ಬೀಗ ಹಾಕಿದ್ದ ಆ ಕೋಣೆಯನ್ನು ಗುಡಿಸಿ ಸಾರಿಸಿದಳು. 

ಎರಡು ವರ್ಷದ ಮೇಲೆ ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ರಸ್ತೆ ಪಕ್ಕದ ಕಾಯಿ ಅಂಗಳದಲ್ಲಿ ತಿಮ್ಮಣ್ಣ ಕಂಡ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮಟ್ಟೆ ಸುಲಿಯುತ್ತಿದ್ದ. ನೆಲ ಬಿಟ್ಟು ಏಳಬೇಕಾಗಿಲ್ಲದ ಕೆಲಸ. ಅವತ್ತು ಧೈರ್ಯ ಮಾಡಿ ಪಕ್ಕದಲ್ಲಿ ಕೂತು, "ತಿಮ್ಮಣ್ಣ, ಅವತ್ತು ಕೋವಿ ತುಂಬಿತ್ತು. ನನಗೆ ಗೊತ್ತಿತ್ತು" ಎಂದೆ. ಅವನು ಕೈಯ ಕೆಲಸ ನಿಲ್ಲಿಸಲಿಲ್ಲ.

"ನಂಗೂ ಗೊತ್ತಿತ್ತು ಬುಡಿ ಸ್ವಾಮಿ. ಅಷ್ಟು ಜ್ವಾಪಾನವಾಗಿ ಮೂತಿ ಮೇಲ್ಮಾಡಿ ಒರಗ್ಸಿದ್ರಿ. ಖಾಲಿ ಕೋವಿನ ಯಾರು ಹಂಗಿಡ್ತಾರೆ?"

"ಮತ್ತೆ ಯಾಕೆ ಹತ್ತಿದೆ?"

ಇದೆಂಥ ಪ್ರಶ್ನೆ ಎನ್ನುವಂತೆ ನನ್ನ ಮುಖ ನೋಡಿ, "ನೀವೇ ಹತ್ತು ಅಂದ್ರಲ್ಲ" ಎಂದ.

 ಅವನು ಬೈಯುತ್ತಾನೆಂದು ಸಿದ್ಧನಾಗಿ ಕೂತಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಏನಾದರೂ ಹೇಳಬೇಕಲ್ಲ ಎಂದು, ಆಮೇಲೆ ಆ ಕೋವಿಯನ್ನು ಠಾಣೆಗೆ ಒಪ್ಪಿಸಿಬಿಟ್ಟೆನೆಂದು ಹೇಳಿದೆ. ಆಗ ಮಾತ್ರ ಅವನ ಕೈ ನಿಂತಿತು.

"ಅಯ್ಯೋ, ಅದೇನ್ ಮಾಡಿತ್ತು ಸ್ವಾಮಿ, ಪಾಪ?"

ಮಾಡಿದ್ದು ಕೋವಿಯಲ್ಲ ಎಂಬ ಉತ್ತರ ನನ್ನ ಹತ್ತಿರ ಇತ್ತು. ಆದರೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದುನಿಂತೆ. ನಮ್ಮೂರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು, ಆ ರಸ್ತೆಯಲ್ಲೇ ಇಡೀ ದಿನ ಕೂರುವ ತಿಮ್ಮಣ್ಣನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿರಬೇಕು. "ಹಂಗಾದ್ರೆ ಬಿರ್‍ರನೆ ಹೋಗಿ ಸ್ವಾಮಿ, ತಪ್ಪೋದಾತು" ಎಂದು ಅವನು ನನ್ನ ಚೀಲ ಎತ್ತಿ ಕೈಗೆ ಕೊಟ್ಟ. ಅವತ್ತು ಮರ ಹತ್ತಿದ ಹಾಗೆಯೇ, ನಾನು ಹೇಳಿದೆನೆಂದು ಅದನ್ನೂ ಒಪ್ಪಿಕೊಂಡ.