ತುಳಜಾರಾಮ ಮಾಸ್ತರರ ಯುದ್ಧವಿಮಾನ

“ಬಸವಕಲ್ಯಾಣದಾಗ ಇಲ್ಲೀತನಕ ಯಾರೂ ಮಾಡಲಾರದ ಕೆಲಸ ನಾ ಮಾಡ್ತೀನಿ, ನೋಡ್ತಿರು!”

ಚಿತ್ರಕಲಾ ಶಿಕ್ಷಕ ತುಳಜಾರಾಮ ಮಾಸ್ತರರು ಹೀಗೆ ಗರ್ಜಿಸಿದಾಗ ಹೆಂಡತಿ ಶೇವಂತಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಕೆಲಸವೆಂದರೆ, ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಮೇಲೆ ಹಾರಿದ ಹರಿಕೇನ್ ವಿಮಾನದ ಪ್ಲಾಸ್ಟಿಕ್ ಮಾದರಿ. ಪೆಟ್ಟಿಗೆಯಲ್ಲಿ ನೂರಾ ಹನ್ನೆರಡು ತುಂಡು! ಎಲ್ಲ ಅಂಟಿಸಿ, ಬಣ್ಣ ಬಳಿದು, ಹುಮನಾಬಾದಿನ ಹವ್ಯಾಸಿಗಳ ಪ್ರದರ್ಶನದಲ್ಲಿ ಇಡಬೇಕು. ಪ್ರದರ್ಶನ ನಡೆಸುವ ಫಿರೋಜ್‌ಗೆ ಮಾಸ್ತರರಿಂದ “ಮೊದಲನೇ ಬಹುಮಾನ ತೆಗೆದಿಡ್ರಿ” ಎಂದು ಫೋನಿನಲ್ಲೇ ಅಪ್ಪಣೆಯೂ ಆಗಿತ್ತು.

“ಹರಿಕೇನೋ ಹರಿಕಥಿನೋ, ಪಡಸಾಲಿಯಿಂದ ಲಗೂನ ಎಬ್ಬಸ್ರಿ,” ಎಂದರು ಶೇವಂತಾಬಾಯಿ.

ಹನ್ನೊಂದು ದಿನದಲ್ಲಿ ವಿಮಾನ ರೆಕ್ಕೆ ಬಿಚ್ಚಿ ನಿಂತಿತು. ಹನ್ನೆರಡನೇ ದಿನ ಬಣ್ಣ ಬಳಿಯಲು ನೋಡಿದರೆ, ಅದನ್ನು ತೆಳುಮಾಡುವ ಥಿನ್ನರ್ ಬಾಟಲಿ ಖಾಲಿ!

“ನನ್ನ ಥಿನ್ನರ್ ಯಾರು ಕುಡದ್ರು?”

“ನಮ್ಮವ್ವ ಹೊಲಿದ ಕೌದಿ ಮ್ಯಾಲ ನೀವು ಹಸಿರು ಬಣ್ಣ ಚೆಲ್ಲಿದ್ರಲ್ಲ, ಅದನ್ನ ಒರಸೀನಿ.”

“ಕೌದಿ ಹೆಚ್ಚೋ, ಯುದ್ಧ ಹೆಚ್ಚೋ?”

“ಇನ್ನೊಂದು ಮಾತಾಡಿದ್ರ ಯುದ್ಧ ಇಲ್ಲೇ ಆಗ್ತದ!”

ಮಾಸ್ತರರು ಸಿಟ್ಟಿನಲ್ಲೇ ಮಗಳು ಉಜ್ವಲಾಳ ಕಪಾಟು ತೆರೆದರು. ಅಲ್ಲೊಂದು ಉಗುರುಬಣ್ಣ ತೆಗೆಯುವ ಬಾಟಲಿ. ಮೂಸಿ ನೋಡಿದರು. ಅದೇ ಘಾಟು! ಇಪ್ಪತ್ತಾರು ವರ್ಷ ಬಣ್ಣ ಕಲಸಿದವರ ಮೂಗು ಸುಳ್ಳು ಹೇಳೀತೇ? ಬಣ್ಣಕ್ಕೆ ಸುರಿದು ಎಡ ರೆಕ್ಕೆಗೆ ಎರಡು ಕೈ ಬಳಿದರು.

ರೆಕ್ಕೆ ಮೊದಲು ಬೆವರಿತು. ಆಮೇಲೆ ನೆನೆದ ಹಪ್ಪಳದಂತೆ ಜೋತುಬಿತ್ತು. ನೆಟ್ಟಗೆ ಮಾಡಲು ಹೋದರೆ ಹೆಬ್ಬೆರಳು ಒಳಗೇ ಇಳಿಯಿತು. ಜಪಾನಿನವರು ಕೆಡವಲಾರದ ವಿಮಾನವನ್ನು ಉಗುರಿನ ಔಷಧ ಕೆಡವಿಬಿಟ್ಟಿತು!

“ಬಾಟ್ಲಿ ಮ್ಯಾಲ ‘ವಿಮಾನಕ್ಕ ಹಚ್ಚಬಾರದು’ ಅಂತ ಬರೀಬೇಕೋ ಬ್ಯಾಡೋ? ಅನ್ಯಾಯ! ನಾ ಹುಮನಾಬಾದಿಗಿ ಬಿಲ್ಕುಲ್ ಹೋಗಂಗಿಲ್ಲ!”

“ಊರ ತುಂಬ ಹೇಳಿಕೊಂಡು ಬಂದೀರಿ, ಹೋಗಲಾರದ ಹ್ಯಾಂಗ? ನಾ ಕಟ್ಟಿ ತರ್ತೀನಿ. ನೀವು ಸುಮ್ಮ ಬರ್ರಿ.”

ಬಸ್ಸಿನಲ್ಲಿ ಶೇವಂತಾಬಾಯಿಯ ತೊಡೆಯ ಮೇಲೆ ಡಬ್ಬ. ಮಾಸ್ತರರು ಅದರ ಕಡೆ ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ಬಾಟಲಿಯವರನ್ನು ಬೈದರು.

ಹುಮನಾಬಾದಿನಲ್ಲಿ ಡಬ್ಬ ತೆರೆದಾಗ ಅವರ ಕಣ್ಣು ಹೊರಗೆ ಬಂದವು. ಮರದ ಹಲಗೆಯ ಮೇಲೆ ಕಪ್ಪು ಮಣ್ಣು, ಮುರಿದ ಜೋಳದ ದಂಟು. ನಡುವೆ ಮೂಗು ಹೂತು ಬಿದ್ದ ಹರಿಕೇನ್. ಕರಗಿದ ರೆಕ್ಕೆಯಿಂದ ಮಸಿ ಹಚ್ಚಿದ ಹತ್ತಿಯ ಹೊಗೆ! ಜನ ಮುತ್ತಿಕೊಂಡರು.

“ಬರ್ಮಾದಾಗ ಜ್ವಾಳ ಎಲ್ಲಿ ಬೆಳೀತದ?” ಎಂದು ಮಾಸ್ತರರು ಹಲ್ಲು ಕಡಿದರು. ಯಾರಿಗೂ ಕೇಳಿಸಲಿಲ್ಲ.

ಸಂಜೆ ಫಿರೋಜ್ ಮೈಕಿನಲ್ಲಿ ಕೂಗಿದರು: “ಕಸದಿಂದ ರಸ ವಿಭಾಗ. ಮೊದಲನೇ ಬಹುಮಾನ, ಯುದ್ಧವಿಮಾನ!”

ಮಾಸ್ತರರು ವೇದಿಕೆಗೆ ನುಗ್ಗಿದರು. “ಕಸ? ನನ್ನ ವಿಮಾನ ಕಸ? ಇದನ್ನ ಬರದವರು ಯಾರು?”

“ಅರ್ಜ್ಯಾಗ ಹಂಗೇ ಅದ ನೋಡ್ರಿ ಸರ್. ಹೆಸರು, ಶೇವಂತಾಬಾಯಿ.”

ಮಾಸ್ತರರು ಗಿರ್ರನೆ ತಿರುಗಿದರು. ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದರು.

“ಒದರಬ್ಯಾಡ್ರಿ. ಕಸ ಮಾಡಿದವರು ನೀವು, ರಸ ತೆಗೆದಾಕಿ ನಾನು!”

ಸಭೆಯೆಲ್ಲ ನಕ್ಕಿತು. ಮಾಸ್ತರರು ಉತ್ತರಕ್ಕೆಂದು ಬಾಯಿ ತೆರೆಯುವಷ್ಟರಲ್ಲಿ ಫಿರೋಜ್ ಮೆಲ್ಲಗೆ ಅವರ ಮೊಣಕೈ ಹಿಡಿದರು.

“ಸರ್, ಜರಾ ಬಾಜೂಕ ಸರೀರಿ. ಮೇಡಮ್ಮೋರ ಫೋಟೊದಾಗ ನೀವು ಅಡ್ಡ ಬರಾಕತ್ತೀರಿ!”