ಮೀಟರು, ಲೀಟರು ಮತ್ತು ನಮ್ಮ ಅತ್ತೆ

ಮೀಟರು, ಲೀಟರು ಪಾಠ ಮಾಡುವವರು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅದೇ ಎದುರಿಗೆ ಬರುತ್ತೆ. ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್. ಆಗಿನ್ನೂ ಅರ್ಧ ಜನರ ಬಾಯಲ್ಲಿ ಗಜ, ಸೇರು, ಮೈಲಿಯೇ ಓಡಾಡುತ್ತಿದ್ದವು.

ಅಂಗಡಿ ಮೀಟರು

ಒಂದು ಮೀಟರಿಗೆ ಎಷ್ಟು ಸೆಂಟಿಮೀಟರ್ ಅಂತ ಕೇಳಿದೆ. ಹೆಗ್ಗನಹಳ್ಳಿಯಿಂದ ಬರುತ್ತಿದ್ದ ಹುಡುಗಿ ಎದ್ದು, "ಪುಸ್ತಕದಲ್ಲಿ ನೂರು ಮಿಸ್. ನಮ್ಮ ಬೀದಿ ಬಟ್ಟೆ ಅಂಗಡೀಲಿ ತೊಂಬತ್ತೊಂದು" ಅಂದಳು. ಅಂಗಡಿಯವನು ಹಳೇ ಗಜದ ಕೋಲನ್ನೇ ಮೀಟರು ಅಂತ ಹೇಳಿ ಅಳೆಯುತ್ತಿದ್ದ. ಇವಳು ಲಂಗದ ಬಟ್ಟೆ ಮನೆಗೆ ಬಂದ ಮೇಲೆ ತನ್ನ ಸ್ಕೇಲು ಇಟ್ಟು ನೋಡಿದ್ದಳು. ಹೆಮ್ಮೆಯಿಂದ ಅವಳ ಬೆನ್ನು ತಟ್ಟಿದೆ. ಅವತ್ತು ಸಂಜೆಯೇ ಅಮ್ಮನನ್ನ ಕರೆದುಕೊಂಡು ಹೋಗಿ ಅಂಗಡಿಯವನನ್ನ ಕೇಳಿಬಿಟ್ಟಳು. ಆಮೇಲೆ ಅವಳು ಬೀದಿ ತಿರುವಲ್ಲಿ ಕಂಡರೆ ಸಾಕು, ಅವನು ಕೋಲು ಬದಲಾಯಿಸುತ್ತಿದ್ದನಂತೆ.

ಇನ್ಸ್‌ಪೆಕ್ಟರ ಪ್ರಶ್ನೆ

ಶಾಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಕೊನೇ ಬೆಂಚಿನವಳನ್ನೇ ಎಬ್ಬಿಸಿದರು. ಬಾಯೇ ಬಿಡದ ಮಗು ಅದು. ಒಂದೂವರೆ ಕಿಲೋಮೀಟರಿಗೆ ಎಷ್ಟು ಮೀಟರು ಅಂತ ಕೇಳಿದ್ದಕ್ಕೆ ಸಾವಿರದ ಐನೂರು ಅಂತ ಥಟ್ಟನೆ ಹೇಳಿದಳು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ. ಅಷ್ಟು ದೂರ ಅಂದರೆ ಎಷ್ಟಿರುತ್ತೆ, ಗೊತ್ತಾ ಅಂತ ಅವರು ಮತ್ತೆ ಕೇಳಿದರು.

"ನಮ್ಮನೆಯಿಂದ ಸ್ಕೂಲಿಗೆ ಅಷ್ಟೇ ಸಾರ್," ಅಂದಳು. "ವಾಪಸ್ ಹೋಗುವಾಗ ಅಷ್ಟಿರಲ್ಲ."

ಅತ್ತೆಯ ತೊಟ್ಟಿ

ನಾವು ಆರ್‌ಪಿಸಿ ಲೇಔಟ್‌ನಲ್ಲಿ ಮನೆ ಕಟ್ಟಿಸಿದಾಗ ನೀರಿನ ತೊಟ್ಟಿಗೆ ಟೇಪು ಹಿಡಿದು ಅಳತೆ ಕೊಟ್ಟವಳು ನಾನೇ. ಉದ್ದ, ಅಗಲ, ಆಳ ಎಲ್ಲಾ ಒಂದೊಂದು ಮೀಟರು. ಹೇರೋಹಳ್ಳಿಯ ನಮ್ಮತ್ತೆ ಅದನ್ನ ನೋಡಿ ತಲೆ ಮೇಲೆ ಕೈಯಿಟ್ಟರು. ಹತ್ತು ಬಿಂದಿಗೆಯೂ ಹಿಡಿಯಲ್ಲ, ಗೃಹಪ್ರವೇಶಕ್ಕೆ ಬರುವ ನೆಂಟರ ಮುಂದೆ ಮಾನ ಹೋಗುತ್ತೆ ಅಂತ ಅವರ ಸಂಕಟ. ಸಾವಿರ ಲೀಟರು ಹಿಡಿಯುತ್ತೆ, ಅಂದರೆ ಅರವತ್ತು ಬಿಂದಿಗೆಗೂ ಜಾಸ್ತಿ ಅಂತ ವಿವರಿಸಿದೆ. ನಂಬಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ನಲ್ಲಿ ನೀರು ಬಂತು, ತೊಟ್ಟಿ ತುಂಬಿತು. ಗೃಹಪ್ರವೇಶದ ದಿನ ಬೀದಿಯಲ್ಲಿ ಯಾರಿಗೂ ನೀರಿಲ್ಲ. ನಮ್ಮಲ್ಲಿ ಅಡುಗೆ ಆಯಿತು, ಊಟ ಆಯಿತು, ಪಾತ್ರೆ ತೊಳೆದದ್ದೂ ಆಯಿತು. ಆಮೇಲೂ ತೊಟ್ಟೀಲಿ ನೀರು! ಅತ್ತೆ ಮುಖ ಅರಳಿತು. ಸಿಕ್ಕಿದವರಿಗೆಲ್ಲಾ, "ನಮ್ಮ ಸೊಸೆ ಬರೀ ಟೇಪು ಹಿಡಿದು ಅರವತ್ತು ಬಿಂದಿಗೆ ನೀರು ತೆಗೆದಳು" ಅಂತ ಹೇಳಿದ್ದೇ ಹೇಳಿದ್ದು. ನಾನೂ ತಿದ್ದಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹಿಂದುಗಡೆ ಮನೆ ಅಜ್ಜಿ ಖಾಲಿ ಬಿಂದಿಗೆ ಹಿಡಿದು ಬಂದರು. ನೀರಿಗೆ ಬಂದಿದ್ದಾರೆ ಅಂತ ನಾನು ಬಿಂದಿಗೆಗೆ ಕೈ ಚಾಚಿದೆ.

"ಬೇಡ ಕಣಮ್ಮ, ನಿಮ್ಮ ನೀರು ನಿಮಗಿರಲಿ," ಅಂದರು. "ಒಂದು ಗಳಿಗೆ ಟೇಪು ತಗೊಂಡು ಬಾ. ನಮ್ಮ ತೊಟ್ಟೀನೂ ಅಳೆದುಬಿಡು."